ಕೊಕ್ಕರೆ ವಿಚಾರಣಾ ಸಮಿತಿ

ವರದಿಯ ಎರಡನೇ ಸಾಲಿನಲ್ಲಿ ಏಕವಚನದ 'ಹ್ಯಾಸ್' ಇತ್ತು, ನಾಲ್ಕನೇ ಸಾಲಿನಲ್ಲಿ ಬಹುವಚನದ 'ದೇರ್' ಇತ್ತು. ಅಂದರೆ ಎರಡನೇ ಸಾಲಿನಲ್ಲಿ ಒಂದೇ ಜೀವವಾಗಿ ಕೂತಿದ್ದ ಸಮಿತಿ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಚೆದುರಿ ನಾಲ್ಕು ಜನವಾಗಿಬಿಟ್ಟಿತ್ತು. ಬೆಳಿಗ್ಗೆ ಹತ್ತೂವರೆಯಿಂದ ಅವನು ಇದನ್ನೇ ನೋಡುತ್ತ ಕೂತಿದ್ದ. ಸಮಿತಿಯನ್ನು ಒಂದು ಅಂತ ಹಿಡಿದರೆ 'ಇಟ್ಸ್', ಅಂದರೆ 'ಅದರ'; ಅದರೊಳಗಿನ ಜನರನ್ನು ಲೆಕ್ಕಕ್ಕೆ ತಗೊಂಡರೆ 'ದೇರ್', ಅಂದರೆ 'ಅವರ'. ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತದೆ, ಆದರೆ ಒಂದನ್ನು ಹಿಡಿದವನು ಕೊನೆಯ ತನಕ ಅದನ್ನೇ ಹಿಡಿದಿರಬೇಕು. ವಸ್ತುಸಂಗ್ರಹಾಲಯದ ಪತ್ರ ವಿಭಾಗದಲ್ಲಿ ಹದಿನೇಳು ವರ್ಷ ಕೂತವನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದ ವಿಷಯದ ಮುಂದೆ ಇಷ್ಟು ಹೊತ್ತು ಯಾಕೆ ಕೂತಿದ್ದೇನೆ ಎಂಬ ಪ್ರಶ್ನೆ ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಅವನು ಅದನ್ನು ಒಳಗೆ ಕರೆಯಲಿಲ್ಲ. ಪೆನ್ಸಿಲಿನ ತುದಿಯನ್ನು ಕೆತ್ತಿ ಚೂಪು ಮಾಡಿದ. ಕೆತ್ತಿದ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡಿದ. ನಾಲ್ಕು ಗಂಟೆಯೊಳಗೆ ವರದಿಯ ಶುದ್ಧ ಪ್ರತಿ ನಿರ್ದೇಶಕರ ಮೇಜಿನ ಮೇಲಿರಬೇಕು. ಅದಕ್ಕೆ ಸಹಿ ಬಿದ್ದರೆ ಮೊದಲ ಮಹಡಿಯ ಪಕ್ಷಿ ಕೊಠಡಿಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಹೆಂಗಸಿನ ಕೆಲಸ ಹೋಗುತ್ತದೆ.

ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಆಕೆಗಿಂತ ದೊಡ್ಡವರೂ. ಅವನನ್ನು ಎಲ್ಲರೂ ವ್ಯಾಕರಣ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ, ಈಗೀಗ ಫೋನಿನಲ್ಲಿ ಹೊರಗಿನವರ ಹತ್ತಿರ ಕೂಡ: "ಒಂದ್ನಿಮಿಷ ಇರಿ, ನಮ್ಮ ವ್ಯಾಕರಣಕ್ಕೆ ಕೊಡ್ತೀನಿ." ಮಧ್ಯಾಹ್ನ ಊಟದ ಕೋಣೆಗೆ ಕಾಲಿಟ್ಟರೆ ಸಾಕು, ನಾಣ್ಯ ವಿಭಾಗದ ಮುಖ್ಯಸ್ಥ ಕೈಯಲ್ಲಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿ, "ಬಾಯಿ ಮುಚ್ಕೊಳ್ರಪ್ಪಾ, ವ್ಯಾಕರಣ ಬಂದ್ರು. ಅಗಿಯೋದ್ರಲ್ಲೂ ತಪ್ಪು ಹುಡುಕ್ತಾರೆ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ, ನಗು ಮುಗಿದ ಮೇಲೂ ಒಂದೆರಡು ಕ್ಷಣ ಹೆಚ್ಚಿಗೆ ನಕ್ಕು, ಆ ಹೆಚ್ಚಿನ ನಗುವಿಗಾಗಿ ಸಂಜೆಯ ತನಕ ತನ್ನನ್ನೇ ಬೈದುಕೊಳ್ಳುತ್ತಿದ್ದ. ಹಾಗಾಗಿಯೇ ಎರಡು ವರ್ಷದ ಹಿಂದೆ ಒಂದು ದಿನ ಡಬ್ಬಿ ಹಿಡಿದು ಮೆಟ್ಟಿಲ ಹತ್ತಿರ ಸುಮ್ಮನೆ ನಿಂತಿದ್ದವನನ್ನು ಅಕ್ಕ ನೋಡಿ, ಏನೂ ಕೇಳದೆ, ಸೊಂಟದ ಬೀಗದ ಕೈ ತೆಗೆದು ಪಕ್ಷಿ ಕೊಠಡಿಯ ಬಾಗಿಲು ತೆರೆದಿದ್ದು. ಒಂದರಿಂದ ಎರಡರ ತನಕ ಕೊಠಡಿಗೆ ಬೀಗ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಕೂಡದು, ಅನ್ನ ನೀರಂತೂ ದೂರದ ಮಾತು. "ಗೂಬೆ ಹತ್ರ ಕೂತ್ಕೊಳಿ ಸಾರ್, ಅಲ್ಲಿ ಬೆಳಕು ಚೆನ್ನಾಗಿದೆ" ಅಂದಿದ್ದಳು ಆಕೆ. ಗೂಬೆ, ಎರಡು ಹದ್ದು, ಬಣ್ಣ ಹೋದ ಗಿಳಿಗಳ ಒಂದು ಗುಂಪು, ಒಂಟಿ ಕಾಲಲ್ಲಿ ನಿಂತ ಕೊಕ್ಕರೆ, ಎಲ್ಲವೂ ಸತ್ತ ಮೇಲೆ ಒಳಗೆ ಹತ್ತಿ ಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿಗಳು. ಯಾರೂ ನಗುತ್ತಿರಲಿಲ್ಲ. ಗಾಜಿನ ಕಣ್ಣುಗಳ ನಡುವೆ ಅವನು ನೆಮ್ಮದಿಯಾಗಿ ಅಗಿಯುತ್ತಿದ್ದ.

ಕೊಕ್ಕರೆಗೆ ಮಾತ್ರ ಗಾಜಿನ ಪೆಟ್ಟಿಗೆ ಇರಲಿಲ್ಲ. ಹಳೆಯ ನಿರ್ದೇಶಕರೊಬ್ಬರು ಸಹಜವಾಗಿ ಕಾಣಲಿ ಅಂತ ಅದನ್ನು ಕೃತಕ ಜೊಂಡಿನ ನಡುವೆ ಬಯಲಲ್ಲೇ ನಿಲ್ಲಿಸಿದ್ದರು. ಎಂಬತ್ತು ವರ್ಷ ಅದು ಹಾಗೆಯೇ ನಿಂತಿತ್ತು. ಹದಿನೈದು ದಿನದ ಹಿಂದೆ, ಒಂದು ಶನಿವಾರ, ಹೆಂಡತಿ ಕಟ್ಟಿಕೊಟ್ಟ ಹುರಿದ ಮೀನಿನ ವಾಸನೆ ಕೊಠಡಿಯ ತುಂಬ ಹರಡಿತು. ಎರಡು ಗಂಟೆಗೆ ಜನ ಬರುತ್ತಾರೆ, ಮೂಗಿಗೆ ಬಡಿದರೆ ಕೇಳುತ್ತಾರೆ ಅಂತ ಅವನು ಎದ್ದು, ಯಾರೂ ಎಂದೂ ತೆಗೆಯದ ಹಿಂದಿನ ಕಿಟಕಿಯ ಚಿಲಕವನ್ನು ಎರಡೂ ಕೈಯಿಂದ ಎಳೆದು ತೆಗೆದ. ಗಾಳಿ ಬಂತು. ಹಾಯೆನಿಸಿತು. ಆಮೇಲೆ ಕೆಳಗಿನಿಂದ ಯಾರೋ "ವ್ಯಾಕರಣಾ" ಅಂತ ಕೂಗಿದರು, ಅವನು ಡಬ್ಬಿ ಮುಚ್ಚಿಕೊಂಡು ಓಡಿದ. ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಅಕ್ಕ ಬಾಗಿಲು ತೆಗೆದಾಗ ನೆಲದ ತುಂಬ ಹತ್ತಿ, ಒಣಹುಲ್ಲು, ಬಿಳಿ ಗರಿ. ಕೊಕ್ಕು ಬಾಗಿಲ ಹತ್ತಿರ, ಕಾಲು ಗೂಬೆಯ ಕೆಳಗೆ. ಉಳಿದ ಕೊಕ್ಕರೆಯ ಹೊಟ್ಟೆಯೊಳಗೆ ಒಂದು ಬೆಕ್ಕು ಸುತ್ತಿಕೊಂಡು ಮಲಗಿತ್ತು. ನಿರ್ದೇಶಕರು ಬಂದು ನೋಡಿದಾಗ ಅದು ಕಣ್ಣು ಬಿಟ್ಟು, ಆಕಳಿಸಿ, ಮತ್ತೆ ಮಲಗಿತಂತೆ. ಆ ಆಕಳಿಕೆಯೇ ಅವರನ್ನು ಕೆಣಕಿದ್ದು ಅಂತ ಎಲ್ಲರೂ ಹೇಳುತ್ತಾರೆ. ಅಂದೇ ಸಮಿತಿ ಆಯಿತು.

ನಿರ್ದೇಶಕರು, ನಾಣ್ಯದ ಮುಖ್ಯಸ್ಥ, ಶಿಲಾ ವಿಭಾಗದ ಮೇಡಂ, ಕಟ್ಟಡದ ಇಂಜಿನಿಯರು: ಸದಸ್ಯರು ನಾಲ್ವರು. ಅವನು ಬರೆದುಕೊಳ್ಳುವವನು. ಬರೆದುಕೊಳ್ಳುವವನನ್ನು ಸಮಿತಿಯಲ್ಲಿ ಎಣಿಸುವುದಿಲ್ಲ. ಹಾಗಾಗಿ ಇಟ್ಸ್ ಅಂದರೂ ತಾನಿಲ್ಲ, ದೇರ್ ಅಂದರೂ ತಾನಿಲ್ಲ. ಈ ಯೋಚನೆ ಬಂದಾಗ ಅವನಿಗೆ ಸ್ವಲ್ಪ ಹಗುರೆನಿಸಿತು, ಹಗುರೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಪೆನ್ಸಿಲನ್ನು ಇನ್ನಷ್ಟು ಕೆತ್ತಿದ. ವಿಚಾರಣೆಗೆ ಅಕ್ಕನನ್ನು ಕರೆದಾಗ ಆಕೆಗೆ ಕುರ್ಚಿ ಹಾಕಿರಲಿಲ್ಲ. ಬಾಗಿಲಿಂದ ಮೂರು ಹೆಜ್ಜೆ ಒಳಗೆ ಬಂದು ನಿಂತಳು.

"ಕಿಟಕಿ ಯಾಕಮ್ಮ ಮುಚ್ಚಲಿಲ್ಲ?" ಅಂದರು ನಿರ್ದೇಶಕರು.

"ಆ ಕಿಟಕಿ ತೆಗೆಯೋದೇ ಇಲ್ಲ ಸಾರ್. ತೆಗೀದೇ ಇರೋದನ್ನ ಮುಚ್ಚಿದೆಯಾ ಅಂತ ನಾನು ನೋಡ್ಲಿಲ್ಲ. ಅದು ನನ್ನ ತಪ್ಪು."

"ಹಾಗಾದ್ರೆ ತೆಗೆದವರು ಯಾರು?"

ಆಕೆ ಬರೆದುಕೊಳ್ಳುತ್ತಿದ್ದ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ. ನೋಡಿದ್ದರೆ ಅವನು ಏನಾದರೂ ಮಾಡಿಬಿಡುತ್ತಿದ್ದ, ಕೆಮ್ಮುತ್ತಿದ್ದ, ಎದ್ದು ನಿಲ್ಲುತ್ತಿದ್ದ. ಆಕೆ ನೋಡದೆ ಇದ್ದುದು ದಾಕ್ಷಿಣ್ಯಕ್ಕೋ, ಅವನೇ ಬಾಯಿ ಬಿಡಲಿ ಅಂತಲೋ ತಿಳಿಯಲಿಲ್ಲ. ಅವನು ತಲೆ ತಗ್ಗಿಸಿ ಬರೆದುಕೊಂಡ: ಉತ್ತರವಿಲ್ಲ. ಆಕೆಯನ್ನು ಹೊರಗೆ ಕಳಿಸಿದ ಮೇಲೆ ತೀರ್ಮಾನಕ್ಕೆ ಐದು ನಿಮಿಷ ಹಿಡಿಯಿತು. ಆ ಐದರಲ್ಲಿ ಎರಡು ನಿಮಿಷ ಇಂಜಿನಿಯರು ಹಲ್ಲುನೋವಿಗೆ ಯಾರ ಹತ್ತಿರ ತೋರಿಸಬೇಕು ಅನ್ನುವುದಕ್ಕೆ ಹೋಯಿತು. ಆಮೇಲೆ ಅವನ ಕರಡನ್ನು ಓದಿದಾಗ ಶುರುವಾದದ್ದು ಚರ್ಚೆ, ಅದಕ್ಕೆ ನಲವತ್ತು ನಿಮಿಷ.

"ಇದೇನ್ರೀ ಇಟ್ಸ್?" ಅಂದರು ಮೇಡಂ. "ಸಮಿತಿ ಅಂದ್ರೆ ಕುರ್ಚಿನಾ, ಮೇಜಾ? ನಾವು ಜನ ಅಲ್ವಾ? ದೇರ್ ಅಂತ ಹಾಕಿ. ನಾನು ಓದಿದ ಕಡೆ ಹಾಗೇ ಬರೀತಿದ್ರು, ಕೇಳೋಕೂ ಒಂದು ಘನತೆ ಇರುತ್ತೆ."

"ದೇರ್ ಅಂದ್ರೆ ನಾಲ್ಕು ಜನ ಬಡಿದಾಡ್ಕೊಂಡು ತೀರ್ಮಾನ ಮಾಡಿದ ಹಾಗೆ ಕಾಣ್ಸುತ್ತೆ ಮೇಡಂ," ಅಂದ ನಾಣ್ಯದವನು. "ಇಟ್ಸ್ ಅಂದ್ರೆ ಒಂದೇ ಏಟು."

"ಬಡಿದಾಡ್ಲಿಲ್ಲ ನಿಜ. ಹಾಗಂತ ನಾನೇನು ನಿಮ್ಮ ಜೊತೆ ಸೇರಿಕೊಂಡು ಮುದ್ದೆ ಆಗ್ಬೇಕಾ?"

ಇಂಜಿನಿಯರು ಕೆನ್ನೆ ಹಿಡಿದುಕೊಂಡು, "ಯಾವ್ದು ಚಿಕ್ಕದೋ ಅದನ್ನ ಹಾಕ್ರಪ್ಪಾ" ಅಂದ. ನಿರ್ದೇಶಕರು ಕನ್ನಡಕ ಒರೆಸಿ, "ನಮ್ಮ ವ್ಯಾಕರಣ ಏನಂತಾರೆ?" ಅಂದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಮೇಲಿನ ಕೋಣೆಯಲ್ಲಿ ಅವನ ಅಭಿಪ್ರಾಯ ಕೇಳಿದ್ದು. ಅವನು ಎದ್ದು ನಿಂತ. ಕೆಲವು ನಿಮಿಷ ಮಾತಾಡಿದ, ಚೆನ್ನಾಗಿಯೇ ಮಾತಾಡಿದ, ಸೈನ್ಯ, ತಂಡ, ಕುಟುಂಬ, ಮಂದೆ, ಸರ್ಕಾರ ಎಲ್ಲವನ್ನೂ ಉದಾಹರಣೆ ಕೊಟ್ಟ. ಎಲ್ಲರೂ ಒಂದೇ ಮನಸ್ಸಿನಿಂದ ನಡೆದಾಗ ಏಕವಚನ, ಒಬ್ಬೊಬ್ಬರಾಗಿ ನಡೆದಾಗ ಬಹುವಚನ ಅಂದ. ಮೇಡಂ ತಲೆದೂಗಿದರು. ಹೆಮ್ಮೆಯಿಂದ ಅವನ ಕಿವಿ ಬಿಸಿಯಾಯಿತು. ಬಾಗಿಲಿನ ಆಚೆ ಅಕ್ಕ ನಿಂತಿದ್ದಾಳೆ ಅನ್ನುವುದು ಆ ನಲವತ್ತು ನಿಮಿಷದಲ್ಲಿ ಅವನಿಗೆ ಒಮ್ಮೆಯೂ ನೆನಪಾಗಲಿಲ್ಲ. ಕೊನೆಗೆ ನಿರ್ದೇಶಕರು, "ಯಾವುದಾದ್ರೂ ಒಂದು ನೀವೇ ನೋಡಿ ಹಾಕಿ" ಅಂದು ಎದ್ದರು.

ಅದಾದ ಮೇಲೆ ಒಬ್ಬೊಬ್ಬರಾಗಿ ಅವನ ಮೇಜಿನ ಹತ್ತಿರ ಬಂದರು. ಮೊದಲು ಮೇಡಂ: "ನನ್ನನ್ನ ಕೇಳಿದ್ರೆ ಕೆಲಸದಿಂದ ತೆಗೀಬಾರದಿತ್ತು ಕಣ್ರೀ. ಆದ್ರೆ ಸಮಿತಿ ಅಂದ ಮೇಲೆ ಏನು ಮಾಡೋದು." ಆಮೇಲೆ ಇಂಜಿನಿಯರು: "ಪಾಪ, ಆ ಯಮ್ಮ. ಒಂದು ಬೈದು ಬಿಟ್ಟಿದ್ರೆ ಸಾಕಿತ್ತು. ಸಮಿತಿ ಕೇಳ್ಬೇಕಲ್ಲ." ನಾಣ್ಯದವನು ಕೂಡ ಸಂಜೆ ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದು, "ಇದು ನನ್ನ ಮಾತಲ್ಲ ಅಂತ ನಿಮಗೆ ಗೊತ್ತಲ್ಲ?" ಅಂದ. ನಿರ್ದೇಶಕರೂ ಮರುದಿನ ಮೆಟ್ಟಿಲ ಮೇಲೆ ಸಿಕ್ಕಿ, "ನನಗೂ ಮನಸ್ಸಿಲ್ಲ ಕಣಯ್ಯಾ, ಸಮಿತಿಗೆ ಅಡ್ಡ ಹೋಗೋಕಾಗುತ್ತಾ?" ಅಂದರು. ನಾಲ್ವರಿಗೂ ಮನಸ್ಸಿಲ್ಲ. ಒಬ್ಬೊಬ್ಬರೇ ಇರುವಾಗ ಅವರು ಅವರೇ. ಮೇಜಿನ ಸುತ್ತ ಕೂತೊಡನೆ 'ಅದು' ಆಗಿಬಿಡುತ್ತಾರೆ, ಅದಕ್ಕೆ ಮನಸ್ಸೂ ಇಲ್ಲ, ಹಲ್ಲುನೋವೂ ಇಲ್ಲ. ಕನ್ನಡದಲ್ಲಾದರೂ ಅಷ್ಟೇ ಅಲ್ಲವೇ, ಅಂದುಕೊಂಡ: ಒಬ್ಬ ನಿರ್ದೇಶಕನಿಗೆ ಮರ್ಯಾದೆ ಕೊಟ್ಟು 'ಬಂದರು' ಅನ್ನುತ್ತೇವೆ, ನಾಲ್ವರು ಕೂಡಿದ ಸಮಿತಿ ಮಾತ್ರ 'ಬಂದಿತು'. ಅವನ ಹೆಂಡತಿ ಪಕ್ಕದ ಮನೆಯವಳಿಗೆ "ನಮ್ಮ ಮನೆಯವರು" ಅನ್ನುವಾಗ ಅದು ಅವನೊಬ್ಬನೇ. ನಿನ್ನೆ ಮನೆಯಲ್ಲಿ ಇಟ್ಸ್ ಮತ್ತು ದೇರ್ ಬಗ್ಗೆ ಅವಳಿಗೆ ಹೇಳಲು ಹೋಗಿದ್ದ. ಅವಳು ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ತಡೆದು ಕೇಳಿಸಿಕೊಂಡಳು.

"ಅದ್ಸರಿ, ಕಿಟಕಿ ತೆಗೆದೋರು ಯಾರಂತೆ?" ಅಂದಳು.

"ಅದು ವರದಿಯಲ್ಲಿ ಬರೋದಿಲ್ಲ."

"ಯಾರೂ ತೆಗೀದೆ ತಾನೇ ತೆಕ್ಕೊಂಡ್ತಾ?"

"ಕಿಟಕಿ ತೆರೆದಿದ್ದುದು ಕಂಡುಬಂತು ಅಂತ ಬರೆದಿದೀನಿ."

"ಯಾರಿಗೆ ಕಂಡುಬಂತು? ಬೆಕ್ಕಿಗಾ?" ಅಂದು ಅವಳು ಮತ್ತೆ ಹೊಲಿಯಲು ಶುರು ಮಾಡಿದಳು. ಆ ಯಂತ್ರದ ಸದ್ದು ಅವನಿಗೆ ಇಂದು ಬೆಳಗಿನಿಂದ ಕೇಳುತ್ತಲೇ ಇತ್ತು. ಮೂರೂವರೆಗೆ ಅವನು ನಾಲ್ಕನೇ ಸಾಲಿನ ದೇರ್ ಹೊಡೆದು ಇಟ್ಸ್ ಬರೆದ. ದೇರ್ ಅಂತ ಓದಿದಾಗೆಲ್ಲ ನಾಲ್ಕು ಮುಖಗಳು ಕಾಣುತ್ತಿದ್ದವು, ನಾಲ್ಕರ ಹಿಂದೆ ಬರೆದುಕೊಳ್ಳುತ್ತ ಕೂತ ಐದನೆಯದೂ ಕಾಣುತ್ತಿತ್ತು. ಇಟ್ಸ್ ಅಂದಾಗ ಯಾರೂ ಕಾಣಲಿಲ್ಲ. ಶುದ್ಧ ಪ್ರತಿ ಮೇಲೆ ಹೋಯಿತು, ಸಹಿಯಾಗಿ ಕೆಳಗೆ ಬಂತು, ಆದೇಶದ ಪ್ರತಿಯನ್ನು ಜವಾನ ಪಕ್ಷಿ ಕೊಠಡಿಗೆ ಕೊಂಡೊಯ್ದ. ಎಲ್ಲಕ್ಕೂ ಇಪ್ಪತ್ತೇ ನಿಮಿಷ.

ಆಕೆ ಈಗ ಬರುತ್ತಾಳೆ ಅಂತ ಅವನಿಗೆ ಗೊತ್ತಿತ್ತು. ಆ ಕಟ್ಟಡದಲ್ಲಿ ಇಂಗ್ಲಿಷ್ ಕಾಗದ ಬಂದವರೆಲ್ಲ ಅವನ ಮೇಜಿಗೇ ಬರುತ್ತಿದ್ದರು. ಮೇಲಿನವರಿಗೆ ಬರೆದುಕೊಡುವವನೂ ಅವನೇ, ಕೆಳಗಿನವರಿಗೆ ಓದಿ ಹೇಳುವವನೂ ಅವನೇ. ಓದಿ ಹೇಳಿದ ಮೇಲೆ ಅವರ ಪರವಾಗಿ ಉತ್ತರ ಬರೆದುಕೊಡುವುದೂ ಅವನೇ, ಆ ಉತ್ತರಕ್ಕೆ ಮೇಲಿನವರ ಪರವಾಗಿ ಮರು ಉತ್ತರ ಬರೆಯುವುದೂ ಅವನೇ. ಕಾವಲುಗಾರನೊಬ್ಬನ ವರ್ಗಾವಣೆಯ ವಿಷಯದಲ್ಲಿ ಹೀಗೆ ಆರು ತಿಂಗಳು ತನ್ನ ಜೊತೆ ತಾನೇ ಪತ್ರವ್ಯವಹಾರ ನಡೆಸಿದ್ದ. ಒಂದು ಹಂತದಲ್ಲಿ ತನ್ನದೇ ಒಂದು ವಾಕ್ಯದ ಖಾರ ತಡೆಯಲಾರದೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಯಾರೂ ಅವನ ಮೇಲೆ ಸಂಶಯಪಟ್ಟವರಲ್ಲ. ಡಾಕ್ಟರು ಜ್ವರ ಬರಿಸಿದ ಅಂತ ಯಾರಾದರೂ ಹೇಳುತ್ತಾರೆಯೇ?

ಅಕ್ಕ ಬಂದಳು. ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದಳು.

"ಓದಿ ಹೇಳಿ ಸಾರ್."

ಅವನು ಆದೇಶವನ್ನು ಕಣ್ಣ ಮುಂದೆ ಹಿಡಿದು ಕನ್ನಡದಲ್ಲಿ ಓದತೊಡಗಿದ. ಮೊದಲ ಸಾಲು ಸರಿಯಾಗಿಯೇ ಬಂತು, ಎರಡನೆಯದೂ. ಮೂರನೇ ಸಾಲಿನಲ್ಲಿ ಅವನ ನಾಲಿಗೆ ಕಾಗದವನ್ನು ಬಿಟ್ಟು ತನ್ನ ಪಾಡಿಗೆ ತಾನು ನಡೆಯಿತು. "ಕಿಟಕಿಯನ್ನು ತೆಗೆದವರು ಪತ್ರ ವಿಭಾಗದವರು ಎಂದು ತಿಳಿದುಬಂದಿದ್ದು, ಅವರು ಊಟದ ಹೊತ್ತಿನಲ್ಲಿ..." ಧ್ವನಿ ನಡುಗುತ್ತಿರಲಿಲ್ಲ, ಅದೇ ಆಶ್ಚರ್ಯ, ಹದಿನೇಳು ವರ್ಷದ ಅಭ್ಯಾಸದ ಧ್ವನಿ. "...ಅವರ ಡಬ್ಬಿಯ ವಾಸನೆ ಹೋಗಲಿ ಎಂದು ತೆಗೆದು, ಮರೆತು, ಆಮೇಲೆ ವಿಚಾರಣೆಯಲ್ಲೂ ಬಾಯಿ ಬಿಡದೆ ಕೂತರು. ಈ ವಿಷಯದಲ್ಲಿ ಕೊಠಡಿ ನೋಡಿಕೊಳ್ಳುವವರ ತಪ್ಪೇನೂ ಇಲ್ಲ." ಓದಿ ಮುಗಿಸಿ ಕಾಗದವನ್ನು ಕೆಳಗಿಟ್ಟ. ಎಷ್ಟೋ ದೊಡ್ಡ ಕೆಲಸ ಮಾಡಿದೆ ಅನಿಸಿತು. ಆಕೆ ಅಳಬಹುದು, ನಿಮ್ಮ ಮನಸ್ಸು ದೊಡ್ಡದು ಅನ್ನಬಹುದು ಅಂತಲೂ ಒಂದು ಮೂಲೆಯಲ್ಲಿ ಕಾದ.

"ಇದೆಲ್ಲ ಈ ಕಾಗದದಲ್ಲಿದೆಯಾ?" ಅಂದಳು ಆಕೆ.

ಅವನು ಕಾಗದವನ್ನು ಮೇಜಿನ ಮೇಲೆ ನೇರವಾಗಿ ಸರಿಸಿಟ್ಟ.

"ಇದೆಯಾ ಸಾರ್?"

"ಇಲ್ಲ."

"ಹಾಗಾದ್ರೆ ಇರೋದನ್ನ ಓದಿ."

ಅವನು ಇರುವುದನ್ನು ಓದಿದ. ಕಿಟಕಿ ತೆರೆದಿದ್ದುದು ಕಂಡುಬಂದಿತು. ಸಮಿತಿಯು ತನ್ನ ಖೇದವನ್ನು ವ್ಯಕ್ತಪಡಿಸುತ್ತದೆ. ಸಮಿತಿಯು ತನ್ನ ಒಮ್ಮತದ ಅಭಿಪ್ರಾಯದಂತೆ. ಮುಂದಿನ ತಿಂಗಳ ಮೊದಲನೇ ತಾರೀಖಿನಿಂದ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಕೆಳಗಿನವರು ಯಾರೂ ಎಂದೂ ಕೂರದ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಚೆನ್ನಾಗಿ ಬರೆದಿದೀರಿ. ಉತ್ತರ ಬರ್ಕೊಡಿ. ಎಲ್ಲರಿಗೂ ಬರ್ಕೊಡ್ತೀರಲ್ಲ."

"ಏನಂತ ಬರೀಲಿ ಅಕ್ಕಾ?"

"ಬಾಗಿಲು ತೆಗೆದಿದ್ದು ನಾನು ಅಂತ ಬರೀರಿ. ಎರಡು ವರ್ಷದಿಂದ ದಿನಾ ಮಧ್ಯಾಹ್ನ ತೆಗೀತಿದ್ದೆ, ಅದು ತಪ್ಪು. ಅದಕ್ಕೆ ಏನು ಶಿಕ್ಷೆಯೋ ಕೊಡ್ಲಿ. ಕಿಟಕಿ ತೆಗೆದಿದ್ದು ನಾನಲ್ಲ. ಯಾರು ಅನ್ನೋದನ್ನ ನೀವೇ ಬರೀರಿ."

"ನೀವು ಅವತ್ತೇ ಯಾಕೆ ಹೇಳ್ಲಿಲ್ಲ?"

ಆಕೆ ಅವನನ್ನು ಮೊದಲ ಸಲ ನೇರವಾಗಿ ನೋಡಿದಳು. "ನೀವು ಅಲ್ಲೇ ಇದ್ರಲ್ಲ ಸಾರ್. ಇರೋವಾಗ ನಾನ್ಯಾಕೆ ಹೇಳ್ಲಿ? ಮುಖದ ಮೇಲೇ ಚಾಡಿ ಹೇಳಿದ ಹಾಗಾಗುತ್ತೆ."

ಅವನು ಎಂದಿನಂತೆ ಇಂಗ್ಲಿಷಿನಲ್ಲಿ ಬರೆದ. ತಪ್ಪೊಪ್ಪಿಗೆಯ ಭಾಗ, ಅಂದರೆ ಆಕೆಯ ತಪ್ಪೊಪ್ಪಿಗೆಯ ಭಾಗ, ಸುಲಲಿತವಾಗಿ ಬಂತು. ಕಿಟಕಿಯ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ಹೆಸರು ಬರೆದರೆ ಈ ಕಾಗದ ನಾಳೆ ಹತ್ತು ಗಂಟೆಗೆ ಅವನ ಮೇಜಿಗೇ ಬರುತ್ತದೆ, ಅವನೇ ಮುದ್ರೆ ಒತ್ತಿ ಮೇಲೆ ಒಯ್ಯಬೇಕು. ಊಟದ ಕೋಣೆಯಲ್ಲಿ ಏನನ್ನುತ್ತಾರೆ ಅನ್ನುವುದು ಈಗಲೇ ಕಿವಿಗೆ ಬಿತ್ತು: ಬೆಕ್ಕಿಗೂ ವ್ಯಾಕರಣಕ್ಕೂ ಏನೋ ಒಪ್ಪಂದವಂತೆ. ಹೆಂಡತಿಯ ಮುಖ ನೆನಪಾಯಿತು, ಆ ಹುರಿದ ಮೀನು ಅವಳದು. ಕೆಲಸ? ಅವನಿಗೆ ಸಮಿತಿ ಮಾಡುತ್ತಾರೆಯೇ? ಅದರಲ್ಲಿ ಬರೆದುಕೊಳ್ಳುವವರು ಯಾರು? ಪೆನ್ನು ತಾನಾಗಿಯೇ ಒಂದು ವಾಕ್ಯ ಬರೆದು ಮುಗಿಸಿತು. ಸಿಬ್ಬಂದಿಯು ಆ ಕಿಟಕಿಯನ್ನು ತನ್ನ ಅನುಕೂಲಕ್ಕೆಂದು ತೆರೆದಿತ್ತು. ಸಿಬ್ಬಂದಿ. ಅದರೊಳಗೆ ಅರವತ್ತೆರಡು ಜನ ಇದ್ದಾರೆ, ಅವನೂ ಇದ್ದಾನೆ. ಸುಳ್ಳು ಅನ್ನಲು ಯಾರಿಗೂ ಸಾಧ್ಯವಿಲ್ಲ. ಇಷ್ಟು ಅಚ್ಚುಕಟ್ಟಾದ ವಾಕ್ಯವನ್ನು ಅವನು ಈ ವರ್ಷ ಬರೆದಿರಲಿಲ್ಲ. ಕೆಳಗೆ ಗುರುತು ಹಾಕಿ ತೋರಿಸಿದ ಜಾಗದಲ್ಲಿ ಆಕೆ ನಿಧಾನವಾಗಿ ಸಹಿ ಮಾಡಿದಳು.

"ಓದಿ ಹೇಳ್ಲಾ?" ಅಂದ ಅವನು.

"ಬೇಡ." ಆಕೆ ಕಾಗದವನ್ನು ಎರಡು ಮಡಿಕೆ ಮಡಿಚಿದಳು. "ಟಿಕೆಟ್ ಕೊಡೋ ಹುಡುಗಿ ಇದಾಳಲ್ಲ, ಕಾಲೇಜು ಓದಿರೋಳು. ಅವಳ ಹತ್ರ ಓದಿಸ್ಕೋತೀನಿ."

ಹದಿನೇಳು ವರ್ಷದಲ್ಲಿ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಆಕೆ ಕುರ್ಚಿಯನ್ನು ಇದ್ದಲ್ಲಿಗೆ ತಳ್ಳಿ ಹೊರಟಳು. ಟಿಕೆಟಿನ ಹುಡುಗಿ ಆ ವಾಕ್ಯವನ್ನು ಓದುವುದು ಅವನ ಕಣ್ಣಿಗೆ ಕಟ್ಟಿತು. ಅವಳು ತುಟಿ ಅಲುಗಿಸುತ್ತ ಓದುತ್ತಾಳೆ, ಸಿಬ್ಬಂದಿ ಅನ್ನುವಲ್ಲಿ ನಿಲ್ಲುತ್ತಾಳೆ, ಹುಬ್ಬು ಮೇಲೆತ್ತುತ್ತಾಳೆ, ಆಮೇಲೆ ನಗುತ್ತಾಳೆ. ಇದರಲ್ಲಿ ಹೆಸರೇ ಇಲ್ವಲ್ಲಾ ಅಕ್ಕಾ, ಅನ್ನುತ್ತಾಳೆ. ಅವನ ಇಂಗ್ಲಿಷನ್ನು ಕೆಳಗಿನವರಿಗೆ ಇಷ್ಟು ವರ್ಷ ಅವನೊಬ್ಬನೇ ಓದಿ ಹೇಳುತ್ತಿದ್ದ. ಇನ್ನೊಬ್ಬರು ಓದಿದರೆ ಹೇಗೆ ಕಾಣುತ್ತದೆ ಅನ್ನುವುದನ್ನು ಅವನು ಯೋಚಿಸಿಯೇ ಇರಲಿಲ್ಲ. ಆಕೆಯ ಇಪ್ಪತ್ತಾರು ವರ್ಷ ಮಾಡಲಾಗದ್ದನ್ನು ಆ ಹುಡುಗಿಯ ಎತ್ತಿದ ಹುಬ್ಬು ಮಾಡಿತು. ಅವನು ಎದ್ದು, ಮೇಜಿನ ಅಂಚಿಗೆ ತೊಡೆ ತಾಗಿಸಿಕೊಂಡು, ಹಜಾರಕ್ಕೆ ಓಡಿದ.

"ಅಕ್ಕಾ, ಒಂದ್ನಿಮಿಷ. ಕೊಡಿ ಇಲ್ಲಿ. ಒಂದು ತಪ್ಪಾಗಿದೆ."

"ಏನು ತಪ್ಪು?"

"ಸಣ್ಣದು. ಇಂಗ್ಲಿಷಿನ ತಪ್ಪು."

ಆಕೆ ಕೊಟ್ಟಳು. ಅವನು ಗೋಡೆಗೆ ಕಾಗದ ಒತ್ತಿ ಹಿಡಿದು ಸಿಬ್ಬಂದಿ ಅನ್ನುವ ಪದವನ್ನು ಹೊಡೆದ. ಮೇಲಿನ ಕಿರಿದಾದ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದ, ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಇಷ್ಟು ವರ್ಷ ಎಷ್ಟು ಕಾಗದ ಬರೆದಿದ್ದರೂ ಯಾವುದರ ಒಳಗೂ ಬರೆಯದಿದ್ದ ಹೆಸರು. ಅಕ್ಷರಗಳು ಸೊಟ್ಟಗಾದವು, ಸುಣ್ಣದ ಗೋಡೆಯ ಒರಟಿಗೆ ಪೆನ್ನು ಎರಡು ಕಡೆ ಕಾಗದವನ್ನು ತೂತು ಮಾಡಿತು. ಹೊಡೆದು ತಿದ್ದಿದ ಕಾಗದವನ್ನು ಅವನು ಯಾವತ್ತೂ ಕಚೇರಿಯಿಂದ ಹೊರಗೆ ಬಿಟ್ಟವನಲ್ಲ.

"ಈಗ ಸರಿಯಾಯ್ತು," ಅಂದ. ಏದುಸಿರು ಬರುತ್ತಿತ್ತು. "ಈಗ ನನ್ನ ಹೆಸರಿದೆ ಅಕ್ಕಾ. ನಿಜವಾಗ್ಲೂ."

ಆಕೆ ಆ ಸೊಟ್ಟ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು. "ಇರ್ಬೋದು ಸಾರ್," ಅಂದಳು. ಕಾಗದವನ್ನು ಮತ್ತೆ ಮಡಿಚಿ, ಸೆರಗಿನೊಳಗೆ ಹಿಡಿದುಕೊಂಡು, ಟಿಕೆಟ್ ಕೌಂಟರಿನ ಕಡೆಗೇ ಹೋದಳು. ಅವನು ಗೋಡೆಗೆ ಒರಗಿ, ಆ ಹುಡುಗಿ ಓದುವುದನ್ನು ದೂರದಿಂದ ನೋಡುತ್ತ ನಿಂತ.